ಗಾಜಿನ ಪ್ಲೇಟಿಗೆ ಕಾಣದ ಕುಸುಬಿ

ರಾಯಚೂರು ಸೀಮೆಯ ಹಳೆಯ ಛಾಯಾಚಿತ್ರ ಕೇಳಿದರೆ ಕೈಗೆ ಸಿಗುವುದು ಕಲ್ಲು. ಕೋಟೆಯ ಗೋಡೆ, ದುಂಡುಬಂಡೆಗಳ ಬೋಳುಗುಡ್ಡ, ಮಸ್ಕಿಯ ಶಾಸನ, ಬಿರುಕುಬಿಟ್ಟ ಎರೆಹೊಲ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬಿನಲ್ಲಿ ಹೂವೆಂಬುದೊಂದಿತ್ತು ಎಂದು ಆ ಚಿತ್ರಗಳನ್ನು ಮಾತ್ರ ನೋಡಿದವರು ನಂಬುವುದು ಕಷ್ಟ. ಇಲ್ಲಿನ ಹೊಲದ ವರ್ಷವನ್ನು ಬಲ್ಲವರಿಗೆ ಮಾತ್ರ ಬೇರೆಯೇ ಲೆಕ್ಕವಿದೆ. ದೇವದುರ್ಗದಿಂದ ಗಬ್ಬೂರಿನ ಕಡೆಗೆ, ಮಾನ್ವಿಯಿಂದ ಕವಿತಾಳದ ಕಡೆಗೆ ಹಬ್ಬಿದ ಮಳೆಯಾಶ್ರಿತ ಹೊಲಗಳಲ್ಲಿ ಹಿಂಗಾರಿ ಎಂದರೆ ಬಿಳಿಜೋಳ ಒಂದೇ ಆಗಿರಲಿಲ್ಲ. ಜೋಳದ ನಡುವೆ ಅಕ್ಕಡಿ ಸಾಲಾಗಿ ಕುಸುಬಿ, ಪಕ್ಕದಲ್ಲಿ ಅಗಸಿ, ಕಡ್ಲಿ, ತೊಗರಿ, ಹತ್ತಿ. ಕುಸುಬಿಯ ಹೂ ಹಳದಿಯಾಗಿ ಅರಳಿ ಬಾಡುವ ಹೊತ್ತಿಗೆ ಕೆಂಪಿಗೆ ತಿರುಗುತ್ತದೆ. ಅಗಸಿ ತಿಳಿನೀಲಿ. ತೊಗರಿ ಹಳದಿ, ಕಡ್ಲಿಯದು ನಸುಗೆಂಪು ಬೆರೆತ ನೇರಳೆ. ಹೊಲದ ಬದುವಿನಲ್ಲಿ ತಂಗಡಿ, ಬೇಸಿಗೆಯ ಹೊಸ್ತಿಲಲ್ಲಿ ಗುಡ್ಡದಂಚಿಗೆ ಕಿತ್ತಳೆಯ ಮುತ್ತುಗ. ಮಸಾರಿ ನೆಲದ ಕೆಂಪು, ಎರೆಯ ಕಪ್ಪು ಇವೆರಡರ ಮೇಲೆ ಇಷ್ಟು ಬಣ್ಣ ಪ್ರತಿವರ್ಷವೂ ಬಂದುಹೋಗುತ್ತಿತ್ತು. ಹಾಗಿದ್ದೂ ಚಿತ್ರದ ದಾಖಲೆಯಲ್ಲಿ ಈ ನಾಡು ಬಣ್ಣಗೇಡಿಯಾಗಿ ಉಳಿದದ್ದೇಕೆ? ನೆಲವೇ ಬಡವಾಗಿತ್ತು ಎಂಬ ಉತ್ತರ ಸುಲಭಕ್ಕೆ ಬರುತ್ತದೆ, ಮತ್ತು ಅದು ತಪ್ಪು. ಕಾರಣವನ್ನು ಮೂರು ಕಡೆ ಹುಡುಕಬೇಕು: ಛಾಯಾಗ್ರಹಣದ ರಾಸಾಯನಿಕದಲ್ಲಿ, ಕ್ಯಾಮೆರಾ ಹೊತ್ತು ಬಂದವರ ಉದ್ದೇಶದಲ್ಲಿ, ಮತ್ತು ಬಣ್ಣದ ಫಿಲ್ಮು ಈ ಸೀಮೆಯನ್ನು ತಲುಪಿದ ಕಾಲದಲ್ಲಿ. ಬಣ್ಣ ಬರುವ ಹೊತ್ತಿಗೆ ಹೊಲದ ಬಣ್ಣವೇ ಬದಲಾಗಿತ್ತು ಎಂಬುದು ಈ ಕಥೆಯ ಅತಿ ಮುಖ್ಯ ಭಾಗ.

ರಾಸಾಯನಿಕದಿಂದ ಶುರು ಮಾಡೋಣ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನ ಮುಂದಿನ ಮೂವತ್ತು ವರ್ಷ ಛಾಯಾಗ್ರಾಹಕರ ಮುಖ್ಯ ಸಾಧನವಾಗಿತ್ತು. ಗಾಜಿನ ಮೇಲೆ ಅಂಟುದ್ರವ ಬಳಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಚಿತ್ರ ತೆಗೆದು, ಅಲ್ಲೇ ಡೇರೆಯ ಕತ್ತಲೆಯಲ್ಲಿ ತೊಳೆಯಬೇಕು. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಆ ಪ್ಲೇಟು ನಿಮಿಷಗಳಲ್ಲಿ ಒಣಗಿಬಿಡುತ್ತದೆ. ಅದು ಒಂದು ತೊಡಕು ಮಾತ್ರ. ಅದಕ್ಕಿಂತ ದೊಡ್ಡದು, ಆ ಪ್ಲೇಟಿಗಿದ್ದ ಕುರುಡು. ಬೆಳ್ಳಿಯ ಲವಣಗಳು ತಾವಾಗಿ ಸ್ಪಂದಿಸುವುದು ನೀಲಿ, ನೇರಳೆ ಮತ್ತು ಅತಿನೇರಳೆ ಕಿರಣಗಳಿಗೆ. ಹಸಿರು ಅವಕ್ಕೆ ಮಸುಕು, ಹಳದಿ ಇನ್ನೂ ಮಸುಕು, ಕೆಂಪು ಇಲ್ಲವೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಭೂದೃಶ್ಯಗಳಲ್ಲಿ ಆಕಾಶ ಬರಿಯ ಬಿಳಿ ಹಾಳೆಯಂತೆ, ಮರಗಳು ಮಸಿಯ ಮುದ್ದೆಯಂತೆ ಕಾಣುವುದು ಇದರಿಂದಲೇ. ಈ ಗುಣವನ್ನು ನಮ್ಮ ಹೊಲಕ್ಕೆ ಅನ್ವಯಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಅಗಸಿಯ ನೀಲಿ ಹೂ ಪ್ಲೇಟಿನಲ್ಲಿ ಬೆಳ್ಳಗೆ ಮೂಡುತ್ತದೆ, ಬಿಳಿಯ ಹೂವಿಗೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಕುಸುಬಿಯ ಕಿತ್ತಳೆ, ಮುತ್ತುಗದ ಕೆಂಡಬಣ್ಣ ಕಪ್ಪಾಗುತ್ತವೆ. ಅವುಗಳ ಹಿಂದಿರುವ ಎರೆ ಮಣ್ಣು ಮೊದಲೇ ಕಪ್ಪು. ಹಸಿರು ಎಲೆಯೂ ಕಪ್ಪಿನ ಹತ್ತಿರಕ್ಕೆ ಬರುತ್ತದೆ. ಹೂ, ಎಲೆ, ನೆಲ ಮೂರೂ ಒಂದೇ ಛಾಯೆಯೊಳಗೆ ಬಿದ್ದಮೇಲೆ ಹೂ ಎಲ್ಲಿದೆಯೆಂದು ಯಾರಿಗೂ ಕಾಣದು. ಮಲೆನಾಡಿನಲ್ಲೋ ಇಂಗ್ಲೆಂಡಿನ ತೋಟದಲ್ಲೋ ಬಿಳಿಯ ಮತ್ತು ನೀಲಿಯ ಹೂಗಳು ಈ ಪ್ಲೇಟಿನಲ್ಲೂ ಚೆನ್ನಾಗಿ ಬರುತ್ತಿದ್ದವು. ಹಳದಿ ಮತ್ತು ಕೆಂಪು ಹೆಚ್ಚಿರುವ ಒಣಭೂಮಿಯ ಪಾಲಿಗೆ ಅದೇ ಪ್ಲೇಟು ಅನ್ಯಾಯ ಮಾಡಿತು. ಇಲ್ಲೊಂದು ಎಚ್ಚರಿಕೆ ಬೇಕು. ಎಲ್ಲ ಹಳದಿಯೂ ಒಂದೇ ಅಲ್ಲ. ಕೆಲವು ಹಳದಿ ಹೂಗಳ ಎಸಳುಗಳು ಜೇನುನೊಣಕ್ಕೆ ಕಾಣುವ ಅತಿನೇರಳೆಯನ್ನು ಪ್ರತಿಫಲಿಸುತ್ತವೆ, ಸೂರ್ಯಕಾಂತಿಯ ಎಸಳಿನ ತುದಿ ಹಾಗೆಯೇ, ಬುಡ ಮಾತ್ರ ಅದನ್ನು ಹೀರಿಕೊಳ್ಳುತ್ತದೆ. ಅಂಥ ಹೂಗಳು ಹಳೆಯ ಪ್ಲೇಟಿನಲ್ಲಿ ಎಣಿಸಿದ್ದಕ್ಕಿಂತ ತಿಳಿಯಾಗಿ ಬರಬಹುದು. ಆದ್ದರಿಂದ ಹಳೆಯ ಚಿತ್ರದ ಬೂದುಬಣ್ಣವೊಂದನ್ನು ಹಿಡಿದು ಇದು ಇಂಥದೇ ಬಣ್ಣವೆಂದು ತೀರ್ಪು ಕೊಡುವುದು ಎರಡು ಪಟ್ಟು ಅಪಾಯದ ಕೆಲಸ.

ಈ ಕುರುಡಿಗೆ ಮದ್ದು ಸಿಕ್ಕ ಬಗೆ ಕುಸುಬಿಯ ಕಥೆಗೆ ವಿಚಿತ್ರವಾಗಿ ಹೆಣೆದುಕೊಂಡಿದೆ. 1873ರಲ್ಲಿ ಜರ್ಮನಿಯ ಹರ್ಮನ್ ವಿಲ್ಹೆಲ್ಮ್ ಫೋಗೆಲ್, ಪ್ಲೇಟಿಗೆ ಬೆರೆಸಿದ ಬಣ್ಣದ ಪದಾರ್ಥವೊಂದು ಅದಕ್ಕೆ ಹಸಿರನ್ನು ಕಾಣುವ ಶಕ್ತಿ ಕೊಟ್ಟದ್ದನ್ನು ಗಮನಿಸಿದ. ಎರಡೇ ವರ್ಷದಲ್ಲಿ ಕಲ್ಕತ್ತೆಯ ಸರ್ವೆ ಕಚೇರಿಯಲ್ಲಿದ್ದ ಜೇಮ್ಸ್ ವಾಟರ್‌ಹೌಸ್, ಇಯೋಸಿನ್ ಎಂಬ ಗುಲಾಬಿ ಬಣ್ಣಕ್ಕೂ ಅದೇ ಗುಣವಿದೆಯೆಂದು ತೋರಿಸಿದ. ಹೀಗೆ ಹುಟ್ಟಿದ ಪ್ಲೇಟುಗಳಿಗೆ ಆರ್ಥೊಕ್ರೊಮ್ಯಾಟಿಕ್ ಎಂಬ ಹೆಸರು ಬಂತು, ಹಳದಿ-ಹಸಿರಿನವರೆಗೆ ಅವುಗಳ ಕಣ್ಣು ತೆರೆಯಿತು. ಇಯೋಸಿನ್ ಮೊದಲಾದ ಈ ಬಣ್ಣಗಳೆಲ್ಲ ಕಲ್ಲಿದ್ದಲಿನ ಡಾಂಬರಿನಿಂದ ಬಟ್ಟೆಯ ಬಣ್ಣ ತಯಾರಿಸುವ ಹೊಸ ಉದ್ಯಮದ ಕೂಸುಗಳು. ಭಾರತದ ಕುಸುಬಿ ಹೂವಿನ ಕೆಂಬಣ್ಣದ ವ್ಯಾಪಾರವನ್ನು ಮುಗಿಸಿದ್ದೂ ಅದೇ ಉದ್ಯಮ. ಶತಮಾನಗಳ ಕಾಲ ಬಟ್ಟೆಗೆ ಬಣ್ಣ ಕೊಟ್ಟ ಹೂ ಆ ಮೇಲೆ ಎಣ್ಣೆಕಾಳಿನ ಗಿಡವಾಗಿ ಮಾತ್ರ ಹೊಲದಲ್ಲಿ ಉಳಿಯಿತು. ಪ್ಲೇಟು ಬಣ್ಣವನ್ನು ಕಾಣಲು ಕಲಿಯುತ್ತಿದ್ದ ಕಾಲದಲ್ಲೇ ಹೂವಿನ ಬಣ್ಣಕ್ಕಿದ್ದ ಬೆಲೆ ಹೋಯಿತು. ಬೆಲೆಯಿದ್ದ ಬಣ್ಣವನ್ನು ಯಾರಾದರೂ ದಾಖಲಿಸುತ್ತಾರೆ, ಬೆಲೆ ಕಳೆದುಕೊಂಡ ಬಣ್ಣವನ್ನು ದಾಖಲಿಸಲು ಪ್ರೀತಿಯೇ ಬೇಕಾಗುತ್ತದೆ. ಇಷ್ಟಾದರೂ ಆರ್ಥೊ ಪ್ಲೇಟಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳನ್ನು 1906ರಲ್ಲಿ ಇಂಗ್ಲೆಂಡಿನ ರಾಟನ್ ಅಂಡ್ ವೇನ್‌ರೈಟ್ ಕಂಪನಿ ಮಾರುಕಟ್ಟೆಗೆ ತಂದಿತು. ಮರುವರ್ಷ, 1907ರಲ್ಲಿ, ಫ್ರಾನ್ಸಿನ ಲ್ಯೂಮಿಯೆರ್ ಸೋದರರು ಆಲೂಗಡ್ಡೆಯ ಪಿಷ್ಟದ ಕಣಗಳಿಗೆ ಮೂರು ಬಣ್ಣ ಹಾಕಿ ಗಾಜಿನ ಮೇಲೆ ಹರಡಿದ ಆಟೊಕ್ರೋಮ್ ಪ್ಲೇಟನ್ನು ಮಾರಾಟಕ್ಕಿಟ್ಟರು. ಯುರೋಪಿನ ತೋಟಗಳ ಹೂಗಳು ಕೂಡಲೇ ಬಣ್ಣದಲ್ಲಿ ಸೆರೆಸಿಕ್ಕವು.

ಇನ್ನು ಉದ್ದೇಶದ ಮಾತು. 1853ರಲ್ಲಿ ನಿಜಾಮರಿಂದ ಬ್ರಿಟಿಷರ ಕೈಗೆ ಹೋದ ರಾಯಚೂರು ದೋಆಬು 1860ರಲ್ಲಿ ಮತ್ತೆ ನಿಜಾಮರಿಗೆ ಮರಳಿತು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಜಿ.ಐ.ಪಿ. ರೈಲುಹಾದಿಯೂ ಮದರಾಸಿನ ಹಾದಿಯೂ ರಾಯಚೂರಿನಲ್ಲೇ ಕೂಡಿದವು. ಗಾಜು, ರಾಸಾಯನಿಕ, ಕ್ಯಾಮೆರಾ ಯಾವುದೂ ಇಲ್ಲಿಗೆ ಬರಲು ಆಮೇಲೆ ದಾರಿಯ ಅಡ್ಡಿ ಇರಲಿಲ್ಲ. ಹೈದರಾಬಾದಿನಲ್ಲಿ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿ ರಾಜಾ ದೀನ್‌ದಯಾಳರು ದೊಡ್ಡ ಸ್ಟುಡಿಯೊ ನಡೆಸುತ್ತಿದ್ದರು. ಕ್ಯಾಮೆರಾ ದೂರದಲ್ಲಿರಲಿಲ್ಲ, ಅದರ ಮುಖ ಮಾತ್ರ ಬೇರೆ ಕಡೆಗಿತ್ತು. ಕನ್ನಡ ನಾಡಿನ ಬಗ್ಗೆ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ದೊಡ್ಡ ಛಾಯಾಚಿತ್ರ ಸಂಪುಟ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಕುರಿತದ್ದು. ಚಿತ್ರಗಳು ಪಿಗೌ, ನೀಲ್, ಬಿಗ್ಸ್ ಅವರವು. ಅದಕ್ಕೆ ಚರಿತ್ರೆಯ ಭಾಗ ಬರೆದವನು ಕೃಷ್ಣೆಯ ಆಚೆದಂಡೆಯ ಸುರಪುರ ಸಂಸ್ಥಾನದ ಆಡಳಿತವನ್ನು ವರ್ಷಗಟ್ಟಲೆ ನೋಡಿಕೊಂಡಿದ್ದ ಮೆಡೋಸ್ ಟೇಲರ್. ಆತ ಈ ಸೀಮೆಯ ಹೊಲವನ್ನೂ ಋತುವನ್ನೂ ಬಲ್ಲವನು. ಆದರೂ ಸಂಪುಟಕ್ಕೆ ಬೇಕಾದದ್ದು ಗುಡಿ ಮತ್ತು ಶಿಲ್ಪ. ಕಲ್ಲು ಅಲುಗುವುದಿಲ್ಲ, ಬಾಡುವುದಿಲ್ಲ, ಅದರ ಬೂದುಬಣ್ಣ ಪ್ಲೇಟಿಗೆ ಒಗ್ಗುತ್ತದೆ. ಸೆಕೆಂಡುಗಟ್ಟಲೆ ಬೆಳಕು ಬೇಡುವ ಪ್ಲೇಟಿನ ಎದುರು ಗಾಳಿಗೆ ತೂಗುವ ಹೂ ನಿಲ್ಲುವುದಾದರೂ ಹೇಗೆ? 1914ರಲ್ಲಿ ನಿಜಾಮ ಸರ್ಕಾರ ಪುರಾತತ್ವ ಇಲಾಖೆಯನ್ನು ಆರಂಭಿಸಿತು, ಗುಲಾಮ್ ಯಜ್ದಾನಿ ಅದರ ಮುಖ್ಯಸ್ಥರಾದರು. ಆ ಇಲಾಖೆಯ ಗ್ರಂಥಮಾಲೆಯ ಮೊದಲ ಪುಸ್ತಕವೇ 1915ರಲ್ಲಿ ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದ ಮಸ್ಕಿಯ ಅಶೋಕ ಶಾಸನ. ರಾಯಚೂರು ಸೀಮೆ ಜಗತ್ತಿನ ಪಂಡಿತರ ಕಣ್ಣಿಗೆ ಬಿದ್ದದ್ದು ಹೀಗೆ, ಕಪ್ಪು ಹಿನ್ನೆಲೆಯ ಬಿಳಿ ಅಕ್ಷರಗಳಾಗಿ.

ಆ ಕಾಲದಲ್ಲಿ ಬಣ್ಣದಲ್ಲಿ ಚಿತ್ರ ತೆಗೆಯುವುದು ದುಬಾರಿ ಮತ್ತು ಕಷ್ಟ, ಬಡ ಜಿಲ್ಲೆಯೊಂದರ ಹೂಗಳಿಗೆ ಅದು ಸಿಗಲಿಲ್ಲವೆಂದು ದೂರುವುದು ಸರಿಯಲ್ಲ ಎಂದು ಯಾರಾದರೂ ಹೇಳಬಹುದು. ಉತ್ತರ ಅದೇ ಇಲಾಖೆಯ ಕಡತದಲ್ಲಿದೆ. ಯಜ್ದಾನಿಯವರು ಅಜಂತಾದ ಭಿತ್ತಿಚಿತ್ರಗಳನ್ನು ಬಣ್ಣದ ಛಾಯಾಗ್ರಹಣದ ಆಧಾರದಲ್ಲಿ ಪ್ರಕಟಿಸುವ ಮಹಾಯೋಜನೆಯನ್ನು ಕೈಗೊಂಡರು. ಮೊದಲ ಭಾಗ 1930ರಲ್ಲಿ ಬಂತು, ನಾಲ್ಕನೆಯದು 1955ರಲ್ಲಿ. ಕತ್ತಲೆಯ ಗುಹೆಯೊಳಗೆ ಬೆಳಕು ಒಯ್ದು, ಕಾಲು ಶತಮಾನ ಹಣ ಮತ್ತು ಶ್ರಮ ಸುರಿದು, ಗೋಡೆಯ ಮೇಲೆ ಬರೆದ ತಾವರೆಯ ಬಣ್ಣವನ್ನು ಅದೇ ಇಲಾಖೆ ಕಾಪಾಡಿತು. ಅದು ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದರಿಂದ ಒಂದು ಮಾತು ಸಿದ್ಧವಾಗುತ್ತದೆ: ಬೇಕೆನಿಸಿದ ಕಡೆ ಬಣ್ಣ ಸಾಧ್ಯವಿತ್ತು. ಹಳೆಯ ಕಾಲದ ಚಿತ್ರಕಾರ ಬಣ್ಣಿಸಿದ ಹೂ ಪರಂಪರೆಯೆನಿಸಿತು, ರೈತ ಬಿತ್ತಿದ ಹೂ ಹಾಗೆನಿಸಲಿಲ್ಲ. ರಾಯಚೂರಿನಲ್ಲಿ ಇಲಾಖೆಯ ಕಣ್ಣು ಹೋದದ್ದು 1294ರ ಕಾಕತೀಯರ ಕಾಲದ ಶಾಸನವಿರುವ ಕೋಟೆಯ ಹೆಬ್ಬಂಡೆಯಂಥ ವಸ್ತುಗಳ ಕಡೆಗೆ. ಸುಮಾರು 41 ಅಡಿ ಉದ್ದದ ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನು ಗೋಡೆಯ ಮೇಲೆಯೇ ಗೆರೆಗಳಲ್ಲಿ ಕೊರೆದಿದ್ದಾರೆ. ಆ ಗೆರೆಗಳು ನಡುಹಗಲ ಬೆಳಕಿನಲ್ಲಿ ಕಣ್ಣಿಗೆ ಹತ್ತುವುದಿಲ್ಲ, ಇಳಿಬಿಸಿಲು ಅಡ್ಡವಾಗಿ ಬಿದ್ದಾಗ ಪ್ರತಿ ಕೊರೆತಕ್ಕೂ ಒಂದು ನೆರಳು ಹುಟ್ಟಿ ಚಿತ್ರ ಎದ್ದು ಬರುತ್ತದೆ. ಬಣ್ಣವೇ ಇಲ್ಲದ ವಸ್ತುವನ್ನು ಛಾಯೆಯಿಂದ ಓದುವ ವಿದ್ಯೆಯನ್ನು ಇಲ್ಲಿನ ಕಲ್ಲು ಛಾಯಾಗ್ರಾಹಕರಿಗೆ ಕಲಿಸಿತ್ತು. ಅದೇ ವಿದ್ಯೆಯನ್ನು ಹೊಲಕ್ಕೆ ಒಯ್ಯುವ ಕೆಲಸ ಮಾತ್ರ ಆಗಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ದೋಆಬು ನಿಜಕ್ಕೂ ಬರದ ನಾಡು. 1876–78ರ ಮಹಾ ಬರ ದಕ್ಷಿಣದ ಬಯಲುಸೀಮೆಯನ್ನೆಲ್ಲ ಸುಟ್ಟಿತು, ಮದರಾಸು ಪ್ರಾಂತ್ಯದಲ್ಲಿ ಡಬ್ಲ್ಯು. ಡಬ್ಲ್ಯು. ಹೂಪರ್ ತೆಗೆದ ಎಲುಬುಗೂಡಾದ ಮನುಷ್ಯರ ಚಿತ್ರಗಳು ಲೋಕದೆಲ್ಲೆಡೆ ಹರಡಿದವು. ಹಸಿವಿನ ನಾಡಿನಲ್ಲಿ ಹೂವಿನ ಚಿತ್ರ ಕೇಳುವುದು ನೋವಿನ ಮೇಲೆ ಬಣ್ಣ ಬಳಿದಂತಾಗುವುದಿಲ್ಲವೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಬರದ ಚಿತ್ರಗಳು ಸುಳ್ಳಲ್ಲ, ಅವು ಇರಲೇಬೇಕು. ಆದರೆ ಬರವನ್ನು ತಾಳಿಕೊಳ್ಳಲೆಂದೇ ಈ ನೆಲದ ರೈತರು ಕಟ್ಟಿಕೊಂಡ ಬೇಸಾಯ ಯಾವುದು? ಒಂದು ಬೆಳೆ ಸೋತರೆ ಇನ್ನೊಂದು ಕೈಹಿಡಿಯಲೆಂದು ಒಂದೇ ಹೊಲದಲ್ಲಿ ಐದಾರು ಬೆಳೆ ಬಿತ್ತುವ ಅಕ್ಕಡಿ. ಕುಸುಬಿಯ ಮುಳ್ಳು ದನಗಳನ್ನು ತಡೆಯುತ್ತದೆ, ಅದರ ಬೇರು ಎರೆಯ ಆಳದ ತೇವಕ್ಕೆ ಇಳಿಯುತ್ತದೆ, ತೊಗರಿ ಮತ್ತು ಕಡ್ಲಿ ಮಣ್ಣಿಗೆ ಸಾರಜನಕ ಕೂಡಿಸುತ್ತವೆ. ಹೊಲದಲ್ಲಿ ಹಳದಿ, ನೀಲಿ, ಕಿತ್ತಳೆ ಒಟ್ಟಿಗೆ ಕಂಡರೆ ಅದು ರೈತನ ವಿಮೆ. ಅಂದಮೇಲೆ ಆ ಬಣ್ಣಗಳನ್ನು ದಾಖಲೆಯಿಂದ ಬಿಟ್ಟಾಗ ಕಳೆದುಹೋಗುವುದು ಅಂದ ಒಂದೇ ಅಲ್ಲ, ಬರದ ಎದುರು ಈ ಜನ ತೋರಿದ ಬುದ್ಧಿವಂತಿಕೆಯ ಸಾಕ್ಷಿಯೂ ಹೋಗುತ್ತದೆ. ಹಸಿದವರ ಚಿತ್ರ ಮಾತ್ರ ಉಳಿದು ಅವರು ಬಿತ್ತಿದ ಹೊಲದ ಚಿತ್ರ ಉಳಿಯದಿದ್ದರೆ ಮುಂದಿನವರು ಇಲ್ಲಿನವರನ್ನು ಕೈಕಟ್ಟಿ ಕೂತವರೆಂದು ತಿಳಿಯುತ್ತಾರೆ. ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಎರೆಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿ ಈ ಸೀಮೆಯಲ್ಲಿ ಇಂದಿಗೂ ಉಳಿದಿರುವುದು ಹೊಲ ತುಂಬಿ ನಿಲ್ಲುವ ಆ ಕಾಲವನ್ನು ಜನ ಹೇಗೆ ಕಂಡಿದ್ದರೆಂಬುದಕ್ಕೆ ಸಾಕಷ್ಟು ಪುರಾವೆ.

ಮೂರನೆಯದು ಕಾಲ. 1935ರಲ್ಲಿ ಕೊಡಾಕ್ರೋಮ್, ಮರುವರ್ಷ ಆಗ್ಫಾ ಕಂಪನಿಯ ಹೊಸ ಬಣ್ಣದ ಫಿಲ್ಮು ಹೊರಬಂದವು. ಇಲ್ಲಿ ಅವು ಸಾಮಾನ್ಯರ ಕೈಗೆ ಬರಲು ದಶಕಗಳೇ ಬೇಕಾದವು. ಸ್ವಾತಂತ್ರ್ಯಾನಂತರ ಆಮದಿನ ಮೇಲೆ ಬಿಗಿಯಿತ್ತು. 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಊಟಿಯಲ್ಲಿ ತಯಾರಿಸಿದ ‘ಇಂದು’ ಕಪ್ಪು-ಬಿಳುಪು ರೋಲುಗಳೇ ಎಷ್ಟೋ ಊರುಗಳ ಸ್ಟುಡಿಯೊಗಳನ್ನು ನಡೆಸಿದವು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ತೆರೆಗೆ ಬಂದದ್ದು 1964ರಲ್ಲಿ. ಜಿಲ್ಲಾ ಕೇಂದ್ರಗಳಲ್ಲಿ ಬಣ್ಣದ ಫೋಟೊ ದಿನನಿತ್ಯದ ಮಾತಾದದ್ದು 1980ರ ದಶಕದಲ್ಲಿ. ಈಗ ಇದೇ ಕಾಲದಲ್ಲಿ ಹೊಲದಲ್ಲಿ ಏನಾಯಿತೆಂದು ನೋಡಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯಿತು, ಎಡದಂಡೆ ಕಾಲುವೆ ಮಾನ್ವಿಯ ಕಡೆಗೂ ಬಂತು. ನೀರು ಮುಟ್ಟಿದ ಜೋಳದ ಹೊಲ ಭತ್ತದ ಗದ್ದೆಯಾಯಿತು. ಬಹುಬಣ್ಣದ ಅಕ್ಕಡಿ ಹೋಗಿ ಒಂದೇ ಹಸಿರು ನಿಂತಿತು. ದೇವದುರ್ಗಕ್ಕೆ ಕೃಷ್ಣೆಯ ನೀರು ಇನ್ನೂ ತಡವಾಗಿ, ನಾರಾಯಣಪುರದ ಬಲದಂಡೆ ಕಾಲುವೆಯಿಂದ ಬಂತು, ಬದಲಾವಣೆಯ ಬಗೆ ಅದೇ. ಹತ್ತಿಯ ಕಥೆ ಇನ್ನೂ ಹೇಳುವಂಥದ್ದು. ಹಳೆಯ ದೇಸಿ ಹತ್ತಿಯ, ಅಂದರೆ ಹರ್ಬೇಸಿಯಂ ಜಾತಿಯ ಹೂ ಅಚ್ಚ ಹಳದಿ, ನಡುವೆ ಕಡುಗೆಂಪು ಬೊಟ್ಟು. 1972ರಲ್ಲಿ ಧಾರವಾಡದಲ್ಲಿ ವರಲಕ್ಷ್ಮಿ ಹೈಬ್ರಿಡ್ ಹುಟ್ಟಿತು, 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕಿತು. ಈಗ ಹೊಲಗಳನ್ನು ತುಂಬಿರುವ ಹಿರ್ಸುಟಂ ಜಾತಿಯ ಹೂ ಮೊದಲ ದಿನ ಕೆನೆಬಿಳಿ, ಮರುದಿನ ಗುಲಾಬಿ. ಹತ್ತಿಗೆ ಹೆಸರಾದ ರಾಯಚೂರಿನ ಸುತ್ತ ಹೂವಿನ ಕಾಲದ ಬಣ್ಣವೇ ಹಳದಿಯಿಂದ ಕೆನೆಗೆ ತಿರುಗಿತೆಂದರೆ ಅದು ಸಣ್ಣ ಬದಲಾವಣೆಯಲ್ಲ. ಇಂದು ರಸ್ತೆಬದಿ ಗಾಡಿ ನಿಲ್ಲಿಸಿ ಜನ ಚಿತ್ರ ತೆಗೆದುಕೊಳ್ಳುವ ಸೂರ್ಯಕಾಂತಿಯಾದರೋ ಬೆಳೆಯಾಗಿ ನಮ್ಮಲ್ಲಿ ನೆಲೆಗೊಂಡದ್ದು 1970ರ ದಶಕದಲ್ಲಿ, ಸೋವಿಯತ್ ದೇಶದಿಂದ ಬಂದ ತಳಿಗಳಿಂದ. ಹೀಗೆ ಈ ಸೀಮೆಯ ಬಣ್ಣದ ದಾಖಲೆ ಆರಂಭವಾಗುವುದು ಹೊಸ ಹೊಲದಿಂದ. ಹಳೆಯ ಹೊಲ ಉಳಿದಿದ್ದರೆ ಅದು ಬೂದು ಛಾಯೆಗಳಲ್ಲಿ ಮಾತ್ರ. ಬಣ್ಣದ ಚಿತ್ರಗಳನ್ನಷ್ಟೇ ನೋಡಿ ಬೆಳೆದ ಪೀಳಿಗೆ ಕಾಲುವೆಯ ಹಸಿರನ್ನೇ ಮಾನ್ವಿಯ ಮೂಲ ಬಣ್ಣವೆಂದೂ ಅದಕ್ಕೆ ಮೊದಲಿದ್ದದ್ದು ಬರಿಯ ಬೂದಿಯೆಂದೂ ತಿಳಿದರೆ ತಪ್ಪು ಆ ಪೀಳಿಗೆಯದಲ್ಲ.

ಬಂದ ಬಣ್ಣವೂ ನಿಲ್ಲಲಿಲ್ಲ. ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ಚಿತ್ರವನ್ನು ಹಿಡಿದಿರುವುದು ಮೂರು ಪದರದ ಸಾವಯವ ಬಣ್ಣಗಳು. ಶಾಖ ಮತ್ತು ತೇವ ಅವುಗಳ ಶತ್ರು. ಎಪ್ಪತ್ತು, ಎಂಬತ್ತರ ದಶಕದ ಆಲ್ಬಮ್ಮುಗಳನ್ನು ತೆರೆದರೆ ಚಿತ್ರಗಳೆಲ್ಲ ಕೆಂಪಡರಿರುತ್ತವೆ, ಏಕೆಂದರೆ ಆ ಮೂರರಲ್ಲಿ ನೀಲಿಹಸಿರಿನ ಪದರ ಕತ್ತಲೆಯಲ್ಲಿಟ್ಟರೂ ಮೊದಲು ಮಾಸುತ್ತದೆ. ಬಿಸಿಲಿಗೆ ಕಾಯುವ ಗೋಡೆಗಳ ಮನೆಯಲ್ಲಿ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಅದೇ ಮನೆಯ ಗೋಡೆಗೆ ತೂಗುಹಾಕಿದ ಅಜ್ಜನ ಕಪ್ಪು-ಬಿಳುಪು ಚಿತ್ರ ಚೆನ್ನಾಗಿ ತೊಳೆದದ್ದಾಗಿದ್ದರೆ ಇನ್ನೂ ಗಟ್ಟಿಯಾಗಿರುತ್ತದೆ, ಅದರೊಳಗಿರುವುದು ಲೋಹದ ಬೆಳ್ಳಿ. ಹಾಗಾಗಿ ಬಣ್ಣ ಬಂದಮೇಲೆ ಸಮಸ್ಯೆ ತೀರಿತು ಎಂಬ ಮಾತನ್ನು ಒಪ್ಪಲಾಗದು.

ಇಷ್ಟನ್ನೆಲ್ಲ ಕೇಳಿದವರಿಗೆ ಕಪ್ಪು-ಬಿಳುಪು ಛಾಯಾಗ್ರಹಣವೇ ಒಂದು ನಷ್ಟ, ಒಂದು ಅರೆಗುರುಡು ಎನಿಸಬಹುದು. ಹಾಗೆ ತಿಳಿಯುವುದು ಇನ್ನೊಂದು ಅತಿರೇಕ. ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಬಂದ ಮೇಲೆ ಪ್ರತಿ ಬಣ್ಣಕ್ಕೂ ಯಾವ ಛಾಯೆ ಕೊಡಬೇಕೆಂಬ ನಿರ್ಧಾರ ಪ್ಲೇಟಿನ ಕೈಯಿಂದ ಛಾಯಾಗ್ರಾಹಕರ ಕೈಗೆ ಬಂತು. ಲೆನ್ಸಿನ ಮುಂದೆ ಹಳದಿ ಫಿಲ್ಟರ್ ಇಟ್ಟರೆ ಹಳದಿ ಹೂ ಬೆಳಗುತ್ತದೆ, ನೀಲಿ ಆಕಾಶ ಕಪ್ಪಿಡುತ್ತದೆ, ಮೋಡ ಮೂಡುತ್ತದೆ. ಕೆಂಪು ಫಿಲ್ಟರ್ ಇಟ್ಟರೆ ಮುತ್ತುಗದ ಹೂ ಬಿಳಿಯ ಹತ್ತಿರಕ್ಕೆ ಬರುತ್ತದೆ. ಅಂದರೆ ಬಣ್ಣವನ್ನು ಛಾಯೆಗೆ ಅನುವಾದಿಸುವ ಕೆಲಸದಲ್ಲಿ ಆಯ್ಕೆ ಇತ್ತು, ಆಯ್ಕೆ ಇರುವ ಕಡೆ ಕಲೆಯಿದೆ. ತುಂಗಭದ್ರೆಯ ಆ ಕಡೆ, ಸಂಡೂರಿನ ಎಂ. ವೈ. ಘೋರ್ಪಡೆಯವರು ಇದನ್ನು ತೋರಿಸಿಕೊಟ್ಟರು. ರಾಜ್ಯದ ಅರ್ಥಸಚಿವರಾಗಿದ್ದ ಅವರು ಬಣ್ಣದ ಫಿಲ್ಮು ಕೈಗೆಟುಕುವ ಕಾಲದಲ್ಲೂ ವನ್ಯಜೀವಿಗಳನ್ನು ಕಪ್ಪು-ಬಿಳುಪಿನಲ್ಲೇ ತೆಗೆದರು. 1983ರಲ್ಲಿ ಬಂದ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪುಸ್ತಕದ ಹೆಸರೇ ಅವರ ನಿಲುವನ್ನು ಹೇಳುತ್ತದೆ. ಎದುರುಬೆಳಕಿನಲ್ಲಿ ನಿಂತ ಪ್ರಾಣಿಯ ಮೈಯಂಚು, ಧೂಳಿನೊಳಗಿನ ಬೆಳಕು, ಒಣಹುಲ್ಲಿನ ಮಿನುಗು ಇವು ಬಣ್ಣದ ವಿಷಯಗಳಲ್ಲ. ಬಯಲುಸೀಮೆಯ ಪ್ರಕೃತಿಯನ್ನು ನೋಡಲು ಛಾಯೆಯೇ ಮೊದಲ ಸಾಧನ ಎಂಬ ನನ್ನ ಅಭಿಪ್ರಾಯಕ್ಕೆ ಇಂಥ ಚಿತ್ರಗಳೇ ಆಧಾರ. ಎರೆ ಮಣ್ಣು ಬೆಳಕನ್ನು ನುಂಗುತ್ತದೆ, ಬಿರಿದ ಹತ್ತಿ ಬೆಳಕನ್ನು ಹಿಂದಕ್ಕೆಸೆಯುತ್ತದೆ. ಇವೆರಡರ ನಡುವಿನ ಅಂತರ ಎಷ್ಟು ದೊಡ್ಡದೆಂದರೆ ಅದನ್ನು ಸರಿಯಾಗಿ ಹಿಡಿಯದವರಿಗೆ ಬಣ್ಣ ಇದ್ದೂ ಪ್ರಯೋಜನವಿಲ್ಲ. ಸಂಜೆಯ ಹೊತ್ತು ಇನ್ನೊಂದು ಪಾಠ ಕಲಿಸುತ್ತದೆ. ಬೆಳಕು ಇಳಿದಂತೆ ನಮ್ಮ ಕಣ್ಣಿಗೆ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಕೊನೆಯವರೆಗೂ ಬೆಳಗುತ್ತದೆ. ಮುಸ್ಸಂಜೆಯಲ್ಲಿ ಅಗಸಿಯ ಹೊಲ ಕಾಣುವಷ್ಟು ಕುಸುಬಿಯ ಸಾಲು ಕಾಣುವುದಿಲ್ಲ. ಹಳೆಯ ಪ್ಲೇಟು ಹಗಲಿನಲ್ಲೂ ಹೆಚ್ಚುಕಡಿಮೆ ಹೀಗೆಯೇ ಕಂಡಿತು.

ಡಿಜಿಟಲ್ ಕ್ಯಾಮೆರಾ ಈ ಲೆಕ್ಕವನ್ನು ಚುಕ್ತಾ ಮಾಡಿದೆಯೇ? ಇಲ್ಲ, ಕುರುಡಿನ ಜಾಗ ಬದಲಾಗಿದೆ. 1976ರಲ್ಲಿ ಬ್ರೈಸ್ ಬೇಯರ್ ಹೆಸರಿಗೆ ಪೇಟೆಂಟ್ ಆದ, ಇಂದಿಗೂ ಬಹುತೇಕ ಕ್ಯಾಮೆರಾಗಳಲ್ಲಿರುವ ಜಾಲದಲ್ಲಿ ಅರ್ಧ ಕಣಗಳು ಹಸಿರಿಗೆ, ಕಾಲುಭಾಗ ಕೆಂಪಿಗೆ, ಕಾಲುಭಾಗ ನೀಲಿಗೆ. ಚೆಂಡುಹೂ, ಮುತ್ತುಗ, ಮಾಗಿದ ಕುಸುಬಿಯಂಥ ಕಡು ಕಿತ್ತಳೆಯ ಮುಂದೆ ಕೆಂಪಿನ ಕಣಗಳು ಉಳಿದವಕ್ಕಿಂತ ಮೊದಲು ತುಂಬಿ ಚೆಲ್ಲುತ್ತವೆ. ಆಗ ಎಸಳಿನ ಗೆರೆ, ಮಡಿಕೆ, ಪರಾಗದ ಹುಡಿ ಎಲ್ಲ ಅಳಿಸಿ ಒಂದೇ ಬಣ್ಣದ ತೇಪೆ ಉಳಿಯುತ್ತದೆ. ಇದಕ್ಕೆ ಎರೆನೆಲ ಇನ್ನೊಂದು ಹೊರೆ ಸೇರಿಸುತ್ತದೆ: ಕ್ಯಾಮೆರಾದ ಅಳತೆ ಎಲ್ಲವನ್ನೂ ನಡು ಬೂದುಬಣ್ಣಕ್ಕೆ ತರಲು ನೋಡುವುದರಿಂದ ಕಪ್ಪು ಮಣ್ಣು ಬೂದಿಯಾಗುವಷ್ಟು ಬೆಳಕು ಒಳಗೆ ಬಿಡುತ್ತದೆ, ಹೂ ಸುಟ್ಟುಹೋಗುತ್ತದೆ. ಎರೆಯನ್ನು ಕಪ್ಪಾಗಿಯೇ ಉಳಿಸುವ ಎಕ್ಸ್‌ಪೋಷರ್ ಇಟ್ಟರೆ ಹೂವಿನ ಬಣ್ಣ ತಾನಾಗಿ ಮರಳುತ್ತದೆ. ಛಾಯೆ ಸರಿಯಾಗದೆ ಬಣ್ಣ ಸರಿಯಾಗದು ಎಂಬ ಹಳೆಯ ಕೈಕಸುಬಿನ ಸತ್ಯ ಇಲ್ಲೂ ನಿಂತಿದೆ. ಇತ್ತೀಚೆಗೆ ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಯಂತ್ರದಿಂದ ಬಣ್ಣ ತುಂಬುವ ಉತ್ಸಾಹವೂ ಬೆಳೆದಿದೆ. ಅದರ ಸೆಳೆತ ಅರ್ಥವಾಗುವಂಥದ್ದೇ, ಕಳೆದುಹೋದದ್ದನ್ನು ಮರಳಿ ಪಡೆಯುವ ಆಸೆ ಯಾರಿಗಿಲ್ಲ? ಆದರೆ ಆರ್ಥೊ ಪ್ಲೇಟಿನಲ್ಲಿ ಕುಸುಬಿಯ ಕೆಂಪಿಗೂ ಎರೆಯ ಕಪ್ಪಿಗೂ ಒಂದೇ ಛಾಯೆ ಬಿದ್ದಿದೆ. ಅಲ್ಲಿ ಮಾಹಿತಿಯೇ ಇಲ್ಲದ ಮೇಲೆ ಯಂತ್ರ ತುಂಬುವುದು ಊಹೆ, ಆ ಊಹೆ ಕಲಿತದ್ದು ಇಂದಿನ ಹಸಿರು ಹೊಲಗಳ ಚಿತ್ರಗಳಿಂದ. ಎಚ್ಚರಿಕೆಗೆ ಬಣ್ಣದ ಛಾಯಾಗ್ರಹಣದ ಮೊದಲ ಪ್ರಯೋಗವನ್ನೇ ನೆನೆಯಬಹುದು. 1861ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಬಣ್ಣದ ರಿಬ್ಬನ್ನೊಂದರ ಚಿತ್ರವನ್ನು ಮೂರು ಫಿಲ್ಟರುಗಳ ಮೂಲಕ ತೋರಿಸಿದಾಗ ಕೆಂಪು ಚೆನ್ನಾಗಿಯೇ ಮೂಡಿತು. ಆ ಪ್ಲೇಟಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಬಟ್ಟೆ ಪ್ರತಿಫಲಿಸಿದ ಅತಿನೇರಳೆ ಫಿಲ್ಟರನ್ನು ದಾಟಿ ಬಂದು ಕೆಂಪಿನ ಜಾಗದಲ್ಲಿ ಕೂತಿತ್ತು. ನೂರು ವರ್ಷಗಳ ನಂತರ ಕೊಡಾಕ್ ಕಂಪನಿಯ ವಿಜ್ಞಾನಿಗಳು ಅದನ್ನು ಪತ್ತೆಹಚ್ಚಿದರು. ಕಣ್ಣಿಗೆ ಸರಿಯೆನಿಸಿದ ಬಣ್ಣ ತಪ್ಪು ಕಾರಣದಿಂದಲೂ ಬರಬಹುದು.

ಹಾಗಿದ್ದರೆ ಹಳೆಯ ದೋಆಬಿನ ಬಣ್ಣಕ್ಕೆ ಆಧಾರ ಎಲ್ಲಿ ಹುಡುಕಬೇಕು? ಬೀಜದಲ್ಲಿ ಎಂಬುದು ನನ್ನ ಉತ್ತರ. ಹರ್ಬೇಸಿಯಂ ಹತ್ತಿ, ಮುಳ್ಳಿನ ಕುಸುಬಿ, ಅಗಸಿ ಇನ್ನೂ ಪೂರ್ತಿ ಅಳಿದಿಲ್ಲ. ಕಾಲುವೆ ತಲುಪದ ಎರೆಹೊಲಗಳಲ್ಲಿ ಅಲ್ಲಲ್ಲಿ ಬಿತ್ತನೆ ನಡೆದಿದೆ, ರಾಯಚೂರಿನಲ್ಲೇ 2009ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಹತ್ತಿಯ ಹೂವಿಗೆ ಅಕ್ಟೋಬರ್ ಆಸುಪಾಸು, ಅಗಸಿಗೆ ಡಿಸೆಂಬರ್, ಕುಸುಬಿಗೆ ಜನವರಿ-ಫೆಬ್ರುವರಿ ಎಂದು ಸುಮಾರಾಗಿ ಹೊಂದಿಸಿಕೊಂಡು, ಬೆಳಗಿನ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಯ ಬಣ್ಣದ ಪಟ್ಟಿ ಇಟ್ಟು, ಎರೆ ಮತ್ತು ಮಸಾರಿ ಎರಡೂ ನೆಲಗಳ ಮೇಲೆ ಈ ಹೂಗಳ ಚಿತ್ರ ತೆಗೆಯಬೇಕು. ಪ್ರತಿ ಹೂವಿಗೂ ಮೂರು ಚಿತ್ರ ಬೇಕಾದೀತು: ಒಂದು ಬಣ್ಣದಲ್ಲಿ, ಒಂದು ಪ್ಯಾಂಕ್ರೊಮ್ಯಾಟಿಕ್ ಕಪ್ಪು-ಬಿಳುಪಿನಲ್ಲಿ, ಇನ್ನೊಂದು ನೀಲಿ ಫಿಲ್ಟರಿನ ಹಿಂದೆ, ಹಳೆಯ ಪ್ಲೇಟು ಹೆಚ್ಚುಕಡಿಮೆ ಹೇಗೆ ಕಂಡಿತ್ತೋ ಹಾಗೆ. ಆ ಮೂರನೆಯದನ್ನು ಕೈಯಲ್ಲಿ ಹಿಡಿದು ಹಳೆಯ ಸಂಪುಟಗಳ ಪುಟ ತಿರುಗಿಸಿದರೆ ಗುಡಿಯ ಹಿಂದೆ, ಕೋಟೆಯ ಕಂದಕದಾಚೆ ಇದುವರೆಗೆ ಬರಿಯ ಮಣ್ಣೆಂದು ಓದಿಕೊಂಡ ಕಪ್ಪು ಪಟ್ಟಿಗಳಲ್ಲಿ ಯಾವುದು ಉತ್ತ ನೆಲ, ಯಾವುದು ಹೂಬಿಟ್ಟ ಹೊಲ ಆಗಿರಬಹುದೆಂದು ಕೇಳುವುದಕ್ಕಾದರೂ ಒಂದು ಅಳತೆ ಸಿಗುತ್ತದೆ.